ಡಾಕ್ಟರಮ್ಮ ಕೈ ಎತ್ತಿದ ಪ್ರಸಂಗ

ಮನುಷ್ಯನಿಗೆ ದೇವರು ಎರಡು ಕೈ ಯಾಕೆ ಕೊಟ್ಟ ಅಂತ ಯಾರಾದರೂ ಕೇಳಿದ್ದರೆ, ಒಂದು ಕೆಟ್ಟು ಕೂತಾಗ ಇನ್ನೊಂದು ಅದನ್ನು ತಿಕ್ಕಲಿ ಅಂತ, ಎಂದು ಜೋಡಿಯಣ್ಣ ಥಟ್ಟನೆ ಹೇಳುತ್ತಿದ್ದ. ಆದರೆ ಯಾರೂ ಕೇಳಲಿಲ್ಲ. ಜನ ಅವನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದ್ರಲ್ಲಿ ಎಂಟನೇ ನಂಬರ್ ಇದ್ಯಾ?"

ಅವನ ಕೆಲಸ ಚಪ್ಪಲಿ ಅಂಗಡಿಯಲ್ಲಿ. "ಈ ಜೋಡಿ ನೋಡಿ, ಇದು ಬೇಡಾಂದ್ರೆ ಆ ಜೋಡಿ ನೋಡಿ" ಅಂತ ದಿನವಿಡೀ ಹೇಳಿ ಹೇಳಿ ಜೋಡಿಯಣ್ಣ ಅಂತಲೇ ಹೆಸರು ಬಿತ್ತು. ಐವತ್ತು ದಾಟಿದರೂ ಮದುವೆಯಿಲ್ಲದೆ, ಮೂರನೇ ಮಹಡಿಯ ಒಂದೂವರೆ ಕೋಣೆಯಲ್ಲಿ ಒಬ್ಬನೇ ಬದುಕುವವನಿಗೆ ಇಂಥ ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕೋ ಮಣ್ಣು ಹಾಕಬೇಕೋ, ನೀವೇ ಹೇಳಿ. ಅವನಿಗಂತೂ ಬೇಜಾರಿರಲಿಲ್ಲ. ಏನಾದರೂ ಒಂದು ಹೆಸರು ಹಿಡಿದು ಕರೆಯುತ್ತಾರಲ್ಲ, ಅಷ್ಟೇ ಸಾಕಾಗಿತ್ತು.

ಬಲಹೆಗಲಿನ ನೋವು ಯಾವಾಗ ಶುರುವಾಯಿತು ಅಂತ ಅವನಿಗೇ ಗೊತ್ತಿಲ್ಲ. ಮೊದಮೊದಲು ಅಂಗಿಯ ತೋಳಿಗೆ ಕೈ ತೂರಿಸುವಾಗ ಚಳಕ್ ಅಂದಿತು. ಆಮೇಲೆ ತಲೆ ಬಾಚುವಾಗ ಅಂದಿತು. ಕೊನೆಗೆ ಕೈ ಎದೆಯ ಮಟ್ಟಕ್ಕೆ ಬಂದು, "ಇನ್ನು ಮೇಲೆ ನಾನು ಬರೋದಿಲ್ಲ, ಏನು ಬೇಕಾದ್ರೂ ಮಾಡ್ಕೋ" ಅಂತ ಹಟ ಹಿಡಿದು ನಿಂತಿತು. ಜೋಡಿಯಣ್ಣ ಎಡಗೈಯಲ್ಲಿ ತಲೆ ಬಾಚಿ ಬೈತಲೆಯನ್ನು ಬಲಗಡೆಗೆ ಬದಲಾಯಿಸಿಕೊಂಡ. ಅಂಗಡಿಯಲ್ಲಾಗಲಿ ಬೀದಿಯಲ್ಲಾಗಲಿ ಒಬ್ಬರೂ ಅದನ್ನು ಗಮನಿಸಲಿಲ್ಲ.

ಗಮನಿಸಿದವರು ಅಂಗಡಿ ಯಜಮಾನರು, ಅದೂ ಬೈತಲೆಯನ್ನಲ್ಲ. ಅಂಗಡಿಯಲ್ಲಿ ಏಳನೇ ನಂಬರಿನವರೆಗಿನ ಡಬ್ಬಗಳು ಕೆಳಗಿನ ಹಲಗೆಗಳಲ್ಲಿ, ಎಂಟರಿಂದ ಮೇಲಿನವು ತಲೆಯ ಮೇಲಿನ ಹಲಗೆಗಳಲ್ಲಿ. ಪೇರಿಸಿಟ್ಟ ಡಬ್ಬ ಎಳೆಯಲು ಎರಡೂ ಕೈ ಬೇಕು, ಬಲಗೈ ಮೇಲೆ ಹೋಗದ ಜೋಡಿಯಣ್ಣ ಏನು ಮಾಡಬೇಕು? ಬಂದವರಿಗೆಲ್ಲ ಏಳನ್ನೇ ತೊಡಿಸತೊಡಗಿದ. "ಹಾಕ್ತಾ ಹಾಕ್ತಾ ಹಿಗ್ಗುತ್ತೆ ಸಾರ್." ಒಬ್ಬ ಪೈಲ್ವಾನನಿಗೂ ಹೀಗೇ ಹೇಳಿದ. ಪೈಲ್ವಾನ ಮರುದಿನ ಕುಂಟುತ್ತಾ ಬಂದು, ಹಿಗ್ಗಿದ್ದು ಚಪ್ಪಲಿಯಲ್ಲ, ತನ್ನ ಕಾಲು ಅಂತ ತೋರಿಸಿದ.

"ಏನಯ್ಯಾ, ಊರವರ ಕಾಲೆಲ್ಲ ಒಂದೇ ತಿಂಗಳಲ್ಲಿ ಚಿಕ್ಕದಾಗ್ಬಿಡ್ತಾ?" ಅಂದರು ಯಜಮಾನರು. "ನಿಂತ ಕಡೆಯಿಂದ್ಲೇ ಆ ಮೇಲಿನ ಡಬ್ಬ ತೆಗಿ ನೋಡೋಣ."

ಜೋಡಿಯಣ್ಣ ಪ್ರಯತ್ನಪಟ್ಟ. ಡಬ್ಬ ಇದ್ದಲ್ಲೇ ಇತ್ತು, ಕಣ್ಣಲ್ಲಿ ನೀರು ಮಾತ್ರ ಬಂತು.

"ಡಾಕ್ಟರ ಹತ್ರ ಹೋಗು. ಸ್ಕೂಲು ಶುರುವಾಗಿ ಅಂಗಡಿ ತುಂಬೋ ಹೊತ್ತಿಗೆ ಕೈ ಮೇಲೆ ಹೋದ್ರೆ ಸರಿ. ಇಲ್ದಿದ್ರೆ ನಿನ್ನ ಗೋದಾಮಿಗೆ ಹಾಕ್ತೀನಿ. ಅಲ್ಲಿ ಎಲ್ಲಾ ಡಬ್ಬಾನೂ ನೆಲದ ಮೇಲೇ ಇರುತ್ತೆ."

ಗೋದಾಮು ಅಂದ ಕೂಡಲೇ ಜೋಡಿಯಣ್ಣ ಆ ಡಬ್ಬಕ್ಕೆ ಇನ್ನೊಮ್ಮೆ ಕೈ ಚಾಚಿದ. ಸಂಬಳ ಅಷ್ಟೇ, ಕೆಲಸ ಹಗುರ, ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಆದರೆ ಗೋದಾಮಿನಲ್ಲಿ ಜನ ಇಲ್ಲ. "ಎಂಟನೇ ನಂಬರ್ ಇದ್ಯಾ" ಅನ್ನುವುದನ್ನು ಬಿಟ್ಟರೆ ಅವನ ಜೊತೆ ಯಾರೂ ಬೇರೇನೂ ಮಾತಾಡುತ್ತಿರಲಿಲ್ಲ. ಅದೂ ನಿಂತುಹೋದರೆ ಬೆಳಗ್ಗೆ ಎದ್ದು ರಾತ್ರಿ ಮಲಗುವವರೆಗೆ ಬಾಯಿ ತೆಗೆಯುವ ಕೆಲಸ ಊಟಕ್ಕೆ ಮಾತ್ರ. ಈ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಡಾಕ್ಟರಮ್ಮ ಚೂಟಿ ಹೆಂಗಸು. ಹೆಗಲನ್ನು ಹಿಂದೆ ಮುಂದೆ ಒತ್ತಿ ನೋಡಿ, "ಇದಕ್ಕೆ ಫ್ರೋಜನ್ ಶೋಲ್ಡರ್ ಅಂತಾರೆ" ಅಂದರು. "ಕೀಲಿನ ಸುತ್ತ ಒಂದು ಚೀಲ ಇರುತ್ತೆ. ಅದು ಬಿಗಿದುಕೊಂಡು ಕೂತಿದೆ. ನೋವು ಅಂತ ನೀವು ಕೈ ಆಡಿಸ್ಲಿಲ್ಲ, ಆಡಿಸ್ಲಿಲ್ಲ ಅಂತ ಅದು ಇನ್ನೂ ಬಿಗೀತು."

"ಮೊಣಕೈನೂ ನೋಯುತ್ತಲ್ಲ ಡಾಕ್ಟ್ರಮ್ಮ?"

"ಅದು ಪಾಪ, ಹೆಗಲಿನ ಕೆಲಸಾನೂ ತಾನೇ ಮಾಡಿ ಮಾಡಿ ಸೋತಿದೆ. ಹೆಗಲು ಸರಿಹೋದ್ರೆ ಅದೂ ಸರಿಹೋಗುತ್ತೆ. ಆಪರೇಷನ್ ಏನೂ ಬೇಡ. ಔಷಧಿ ಹೆಚ್ಚು ಕೊಟ್ಟು ಪ್ರಯೋಜನ ಇಲ್ಲ. ಬಿಸಿನೀರಿನ ಶಾಖ ಕೊಡಿ, ದಿನಾ ಕೈ ಆಡಿಸಿ, ಗೋಡೆ ಮೇಲೆ ಬೆರಳು ನಡೆಸ್ತಾ ಮೇಲಕ್ಕೆ ಹೋಗಿ. ಹಟ ಮಾಡೋ ನೋವು ಇದು, ವರ್ಷದವರೆಗೂ ಎಳೀಬಹುದು. ನಿಮ್ಮಷ್ಟಕ್ಕೆ ಎತ್ತೋದು ಸಾಲ್ದು, ಬೇರೆಯವ್ರು ಹಿಡಿದು ನಿಧಾನಕ್ಕೆ ಎತ್ತಿಸ್ಬೇಕು. ಮನೇಲಿ ಯಾರಿದ್ದಾರೆ?"

ಯಾರೂ ಇಲ್ಲ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಪ್ರಶ್ನೆ ಕೇಳಿದಾಗ ಯಾರಿಗೂ 'ಯಾರೂ ಇಲ್ಲ' ಅನ್ನಲು ನಾಲಗೆ ಬರುವುದಿಲ್ಲ. ಜೋಡಿಯಣ್ಣ ಬೆನ್ನು ನೆಟ್ಟಗೆ ಮಾಡಿ, "ಮನೆ ತುಂಬಾ ಜನ ಡಾಕ್ಟ್ರಮ್ಮ. ಕಾಲಿಡೋಕೆ ಜಾಗ ಇಲ್ಲ" ಅಂದುಬಿಟ್ಟ.

"ಬಹಳ ಒಳ್ಳೇದು. ಹೀಗೆ ಎತ್ತಿಸಿ ಅಂತ ಅವ್ರಿಗೆ ಹೇಳಿ" ಅಂದು ಡಾಕ್ಟರಮ್ಮ ಅವನ ಬಲಗೈ ಹಿಡಿದು ಮೇಲೆತ್ತಿದರು. ಜೋಡಿಯಣ್ಣ ಹಾಕಿದ ಕೂಗಿಗೆ ಹೊರಗೆ ಬೆಂಚಿನ ಮೇಲಿದ್ದ ಇಬ್ಬರು ರೋಗಿಗಳು ತಮ್ಮ ಕಾಯಿಲೆ ವಾಸಿಯಾಯಿತು ಅಂತ ಎದ್ದು ಮನೆಗೆ ಹೋದರು.

ಅವನು ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತುವಾಗ ಕೆಳಮನೆಯ ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು. ಪಾಠ ಹೇಳುವುದರಿಂದ ನಿವೃತ್ತಿಯಾಗಿದ್ದರೂ ಪ್ರಶ್ನೆ ಕೇಳುವುದರಿಂದ ಆಗಿರಲಿಲ್ಲ.

"ಎಲ್ಲಿಂದ ಬರ್ತಿದೀರಿ? ಆಸ್ಪತ್ರೆಯಿಂದ್ಲಾ? ಏನಂದ್ರು ಡಾಕ್ಟ್ರು?"

"ಏನ್ ಹೇಳ್ಲಿ ಟೀಚರಮ್ಮ," ಅಂದ ಜೋಡಿಯಣ್ಣ, ಇನ್ನೊಮ್ಮೆ ಕಣ್ಣೊರೆಸಿಕೊಂಡು. "ಡಾಕ್ಟ್ರಮ್ಮ ಕೈ ಎತ್ತಿಬಿಟ್ರು."

ಟೀಚರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅಯ್ಯೋ! ಆಪರೇಷನ್ನು ಏನಾದ್ರೂ..."

"ಆಪರೇಷನ್ ಬೇಡ ಅಂದ್ರು. ಔಷಧಿ ಕೊಟ್ಟೂ ಪ್ರಯೋಜನ ಇಲ್ವಂತೆ."

"ಎಷ್ಟು ದಿನ ಅಂತ ಏನಾದ್ರೂ ಹೇಳಿದ್ರಾ?"

"ವರ್ಷದವರೆಗೂ ಎಳೀಬಹುದು ಅಂದ್ರು. ಯಾರಾದ್ರೂ ಹತ್ರ ಇದ್ರೆ ಒಳ್ಳೇದಂತೆ."

ಇದರಲ್ಲಿ ಒಂದು ಮಾತಾದರೂ ಸುಳ್ಳಾ? ನ್ಯಾಯಾಲಯದಲ್ಲಿ ನಿಂತು ಹೇಳಿದ್ದರೂ ಜೋಡಿಯಣ್ಣನನ್ನು ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಅವನು ಎರಡನೇ ಮಹಡಿ ತಲುಪುವಷ್ಟರಲ್ಲಿ ಟೀಚರಮ್ಮ ಕಟ್ಟಡದ ಕಾರ್ಯದರ್ಶಿಯ ಮನೆ ತಲುಪಿದ್ದರು. ಸಂಜೆಗೆ ಬೀದಿಗೆಲ್ಲ ಗೊತ್ತಾಯಿತು: ಜೋಡಿಯಣ್ಣನ ವಿಷಯದಲ್ಲಿ ಡಾಕ್ಟರು ಕೈ ಎತ್ತಿಬಿಟ್ಟಿದ್ದಾರೆ, ಇನ್ನೊಂದು ವರ್ಷ ಎಳೆದರೆ ಹೆಚ್ಚು.

ಮರುದಿನ ಬಾಗಿಲು ತಟ್ಟಿದ ಸದ್ದಾದಾಗ ಜೋಡಿಯಣ್ಣ ಪಕ್ಕದ ಮನೆಯದು ಅಂದುಕೊಂಡು ಸುಮ್ಮನೆ ಕೂತಿದ್ದ. ತನ್ನ ಬಾಗಿಲಿನ ಸದ್ದು ಹೇಗಿರುತ್ತದೆ ಅಂತ ಅವನಿಗೆ ಮರೆತೇಹೋಗಿತ್ತು. ತೆರೆದು ನೋಡಿದರೆ ಟೀಚರಮ್ಮ, ಕೈಯಲ್ಲಿ ಊಟದ ಡಬ್ಬಿ. ಅವರ ಹಿಂದೆ ಕಾರ್ಯದರ್ಶಿ. ಅವರ ಹಿಂದೆ ಎದುರುಮನೆಯ ವಿಮೆ ಏಜೆಂಟು, ಅವನ ಹಿಂದೆ ಮೆಟ್ಟಿಲು ತುಂಬ ಕಟ್ಟಡದ ಉಳಿದ ಮನೆಗಳವರು. ಈ ಏಜೆಂಟು ವರ್ಷಗಟ್ಟಲೆ ಪಾಲಿಸಿ ಮಾಡಿಸಿ ಅಂತ ಜೋಡಿಯಣ್ಣನ ಬೆನ್ನು ಬಿದ್ದಿದ್ದವನು. ಈಗ ಜೋಡಿಯಣ್ಣ ತಾನಾಗಿಯೇ, "ಆ ಪಾಲಿಸಿ ವಿಷಯ ಏನೋ ಹೇಳ್ತಿದ್ರಲ್ಲ?" ಅಂದ ಕೂಡಲೇ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಓಡಿದ.

ಒಂದು ಹೆಗಲಿಗೆ ಇಷ್ಟು ಜನವಾ? ಜೋಡಿಯಣ್ಣನಿಗೆ ಎದೆ ತುಂಬಿ ಬಂತು. ಇದ್ದದ್ದು ಒಂದೇ ಕುರ್ಚಿ. ಟೀಚರಮ್ಮ ಅದರ ಮೇಲೆ, ಕಾರ್ಯದರ್ಶಿ ಮಂಚದ ಮೇಲೆ, ಉಳಿದವರು ಅವನು ಅಂಗಡಿಯಿಂದ ತಂದು ಸಾಮಾನು ತುಂಬಿಟ್ಟಿದ್ದ ಚಪ್ಪಲಿ ಡಬ್ಬಗಳ ಮೇಲೆ ಕೂತರು. ನಿಜಕ್ಕೂ ಕಾಲಿಡಲು ಜಾಗವಿರಲಿಲ್ಲ.

"ಏನಾದ್ರೂ ಆಸೆ ಇದ್ರೆ ಸಂಕೋಚ ಬೇಡ, ಹೇಳಿ" ಅಂದರು ಟೀಚರಮ್ಮ.

"ಏನಿಲ್ಲ. ಸ್ವಲ್ಪ ನನ್ನ ಕೈ ಹಿಡೀತೀರಾ?"

ಟೀಚರಮ್ಮ ಕೈ ಹಿಡಿದು ಅತ್ತರು. ಕಾರ್ಯದರ್ಶಿ ಹಿಡಿದು ಅತ್ತರು. ಎತ್ತಬೇಕು, ಬರೀ ಹಿಡಿದರೆ ಸಾಲದು ಅಂತ ಅವನು ಬಿಡಿಸಿ ಹೇಳಿದ ಮೇಲೆ ಟೀಚರಮ್ಮ ಎತ್ತಲು ಶುರುಮಾಡಿದರು. ನೂರಾರು ಕಿವಿ ಹಿಂಡಿದ ಕೈ ಅದು. ದಿನಕ್ಕೆರಡು ಸಲ ಎತ್ತಿದ್ದರಿಂದ ಸಾಯುವವನ ಹೆಗಲು ದಿನದಿಂದ ದಿನಕ್ಕೆ ಸುಧಾರಿಸತೊಡಗಿತು. ಅದನ್ನು ನೋಡಿ ಟೀಚರಮ್ಮ ಕಾರ್ಯದರ್ಶಿಯ ಕಿವಿಯಲ್ಲಿ, "ಆರೋ ದೀಪಕ್ಕೆ ಉರಿ ಹೆಚ್ಚು" ಅಂದರು.

ಇನ್ನೊಂದು ವಿಚಿತ್ರವೂ ಶುರುವಾಯಿತು. ಬಂದವರೆಲ್ಲ ಉಳಿದವರು ಎದ್ದು ಹೋಗುವವರೆಗೆ ಕಾದು, ಬಾಗಿಲು ಮುಂದೆ ಮಾಡಿ, ತಮ್ಮ ತಮ್ಮ ತಪ್ಪು ಒಪ್ಪಿಕೊಳ್ಳತೊಡಗಿದರು.

"ನೀವೊಂದ್ಸಲ ಟೀಗೆ ಕರೆದಿದ್ರಿ, ನೆನಪಿದ್ಯಾ?" ಅಂದರು ಟೀಚರಮ್ಮ. "ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ ಅಂದಿದ್ದೆ. ನನ್ನ ಮಂಡಿಗೇನೂ ಆಗಿಲ್ಲ. ಬಂದ್ರೆ ಏನು ಮಾತಾಡೋದು ಅಂತ ಗೊತ್ತಾಗ್ಲಿಲ್ಲ. ಕ್ಷಮಿಸಿಬಿಡಿ."

ಯಜಮಾನರು ಬಂದರು. "ಅಂಗಡೀಲಿ ವರ್ಷದ ಉತ್ತಮ ಕೆಲಸಗಾರ ಅಂತ ಫೋಟೋ ಹಾಕ್ತೀವಲ್ಲ, ಅದು ಪ್ರತಿ ವರ್ಷ ನಿನ್ನದೇ ಆಗ್ಬೇಕಿತ್ತು ಕಣಯ್ಯಾ. ನನ್ನ ಹೆಂಡ್ತಿ ತಮ್ಮಂದು ಹಾಕ್ದೆ. ಗೋದಾಮಿನ ಮಾತು ಮರೆತುಬಿಡು. ನೀನು ಇರೋವರೆಗೂ ಅಂಗಡೀಲೇ ಇರು." ಹೆಗಲು ನೋವಿಗೆ ಯಜಮಾನರ ಕಣ್ಣಲ್ಲೂ ನೀರು ಬರುತ್ತದೆ ಅಂತ ಜೋಡಿಯಣ್ಣನಿಗೆ ಗೊತ್ತಿರಲಿಲ್ಲ.

ಗುಟ್ಟು ಒಡೆದವರು ಕಾರ್ಯದರ್ಶಿ. ಅವರು ಎಲ್ಲವನ್ನೂ ಮುಂಚಿತವಾಗಿ ಗೊತ್ತುಮಾಡಿಕೊಳ್ಳುವ ಮನುಷ್ಯ. ಒಂದು ಮಧ್ಯಾಹ್ನ ಅಳತೆಪಟ್ಟಿ ಹಿಡಿದು ಮೆಟ್ಟಿಲಿನ ಅಗಲ ನೋಡಿಕೊಂಡು ಬಂದು, ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳೀಬೇಡಿ. ನಮ್ಮ ಮೆಟ್ಟಿಲು ಇಕ್ಕಟ್ಟು, ಮೂರು ತಿರುವು ಬೇರೆ. ಹೆಗಲು ಕೊಡೋಕೆ ನಾಲ್ಕು ಜನ ಗಟ್ಟಿಯಾಗಿರೋರು ಬೇಕಾಗುತ್ತೆ. ನಿಮ್ಮ ಕಡೆಯೋರು ಯಾರಾದ್ರೂ ಇದ್ದಾರಾ?"

"ಹೆಗಲಾ? ನನ್ನ ಹೆಗಲೇ ಸರಿಯಿಲ್ವಲ್ಲ ಸಾರ್."

"ನೀವು ಕೊಡೋದಲ್ಲ ಸ್ವಾಮಿ. ನಿಮಗೆ ಕೊಡೋದು."

ಕಾರ್ಯದರ್ಶಿ ಹೋದ ಮೇಲೆ ಜೋಡಿಯಣ್ಣ ಮಂಚದ ತುದಿಯಲ್ಲಿ ಕೂತ. ಊಟದ ಡಬ್ಬಿಗಳು, ಕಣ್ಣೀರು, ಏಜೆಂಟನ ಹಾಲು, ಯಜಮಾನರ "ನೀನು ಇರೋವರೆಗೂ", ಎಲ್ಲವೂ ಒಂದೊಂದಾಗಿ ತಲೆಗೆ ಬಂದವು. ಇವರೆಲ್ಲ ತಾನು ಸಾಯುತ್ತೇನೆ ಅಂತ ಬಂದವರು! ತಕ್ಷಣ ಕೆಳಗೆ ಹೋಗಿ ನಿಜ ಹೇಳಬೇಕು ಅಂತ ಚಪ್ಪಲಿ ಮೆಟ್ಟಿದ. ಆಗಲೇ ಮೆಟ್ಟಿಲ ಮೇಲೆ ಟೀಚರಮ್ಮ ಏನೋ ಹಾಡು ಗುನುಗುತ್ತಾ ಹತ್ತಿ ಬರುವ ಸದ್ದು ಕೇಳಿಸಿತು. ಅವನು ಚಪ್ಪಲಿ ಬಿಟ್ಟು, ಮಂಚಕ್ಕೆ ಹೋಗಿ, ಎರಡು ಸಲ ಕೆಮ್ಮಿದ.

ಹೆಗಲು ನೋವಿಗೂ ಕೆಮ್ಮಿಗೂ ಏನು ಸಂಬಂಧ ಅಂತ ಕೇಳಬೇಡಿ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಬಂತು, ಟೀಚರಮ್ಮನೂ ಬಂದರು, ಮತ್ತೆ ಕೆಮ್ಮಿದ. ಬೈಯುವವರು ಬೈಯಲಿ. ಆದರೆ ಸುಳ್ಳು ಹೇಳಿದವನಿಗೆ ನಾಲ್ಕು ಜನ, ನಿಜ ಹೇಳಿದವನಿಗೆ ಖಾಲಿ ಕೋಣೆ ಅಂತ ಗೊತ್ತಿದ್ದರೆ ನೀವಾದರೂ ಏನು ಮಾಡುತ್ತಿದ್ದಿರಿ?

ಈ ನಾಳೆಗಳ ಮಧ್ಯೆ ಟೀಚರಮ್ಮ ಅವನಿಗೆ ಗೊತ್ತಿಲ್ಲದ ಹಾಗೆ ಒಂದು ಕೆಲಸ ಮಾಡಿದ್ದರು. ಅವನ ಫೋನು ತೆಗೆದು, ಅದರಲ್ಲಿ 'ಅಕ್ಕ' ಅಂತಿದ್ದ ನಂಬರಿಗೆ ಕರೆ ಮಾಡಿದ್ದರು.

ರೈಲಿನಲ್ಲಿ ಅರ್ಧ ದಿನದ ದೂರದಲ್ಲಿ ಗಂಡ, ಸಂಸಾರ ಅಂತ ಇದ್ದವಳು ಅಕ್ಕ. ಅಪರೂಪಕ್ಕೆ ಫೋನು ಮಾಡಿದರೆ "ಹೇಗಿದೀಯಾ, ಚೆನ್ನಾಗಿದೀನಿ, ಇಡ್ಲಾ" ಅಷ್ಟೇ. ಈಗ ಒಂದು ಚೀಲ ಹಿಡಿದು, ಸೆರಗು ಬಾಯಿಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ್ದೇ ಜೋಡಿಯಣ್ಣನಿಗೆ ನಾಚಿಕೆಯಾಯಿತು. ಬೀದಿಯವರಿಗೆ ಸುಳ್ಳು ಹೇಳಬಹುದು, ಒಡಹುಟ್ಟಿದವಳಿಗೆ ಹೇಳುವುದು ಹೇಗೆ?

"ಅಕ್ಕಾ, ಕೂತ್ಕೋ. ನಿಂಗೊಂದು ವಿಷಯ ಹೇಳ್ಬೇಕು."

"ನೀನು ಮಾತಾಡ್ಬೇಡ ಕಣೋ. ಮೊದ್ಲು ನಾನು ಹೇಳ್ಬಿಡ್ತೀನಿ. ಹೇಳ್ದೆ ನಿನ್ನ ಕಳಿಸಿಕೊಟ್ರೆ ನಂಗೆ ಗಂಟಲಲ್ಲಿ ಅನ್ನ ಇಳಿಯಲ್ಲ." ಅಕ್ಕ ಕೂರಲೇ ಇಲ್ಲ. "ಆ ಬಟ್ಟೆ ಅಂಗಡಿ ಹುಡುಗಿ ನೆನಪಿದ್ದಾಳಾ?"

ನೆನಪಿದ್ದಾಳಾ ಅಂದರೆ! ಚಪ್ಪಲಿ ಅಂಗಡಿಯ ಎದುರಿಗೇ ಬಟ್ಟೆ ಅಂಗಡಿ. ಅಲ್ಲಿ ಬಟ್ಟೆ ಅಳೆದು ಹರಿಯುವ ಕೆಲಸಕ್ಕೆ ಒಬ್ಬ ಹುಡುಗಿ ಇದ್ದಳು. ಜೋಡಿಯಣ್ಣ ಆಗ ಇನ್ನೂ ತಲೆ ತುಂಬ ಕೂದಲಿದ್ದ ಹುಡುಗ. ಜನ್ಮದ ಧೈರ್ಯವನ್ನೆಲ್ಲ ಒಟ್ಟುಮಾಡಿ ಒಂದು ದಿನ ಅವಳನ್ನು ಮದುವೆಯಾಗುತ್ತೀರಾ ಅಂತ ಕೇಳಿದ್ದ. ಯೋಚನೆ ಮಾಡಿ ನಿಮ್ಮ ಮನೆಗೇ ಬಂದು ಹೇಳುತ್ತೇನೆ ಅಂದಿದ್ದಳು. ಅವಳು ಬಂದಾಗ ಅವನು ಮನೆಯಲ್ಲಿರಲಿಲ್ಲ. ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಔಷಧಿ ತರಲು ಹೋಗಿದ್ದ. ಬಂದ ಮೇಲೆ ಅಕ್ಕ ಹೇಳಿದ್ದಳು, "ಆಗಲ್ಲ ಅಂದ್ಲು" ಅಂತ. ಅವನು ಎರಡನೇ ಮಾತಿಲ್ಲದೆ ನಂಬಿದ. ಆವತ್ತಿನಿಂದ ಅಂಗಡಿಗೆ ಹಿಂದಿನ ಓಣಿಯಿಂದ ಹೋಗತೊಡಗಿದ, ಎದುರುಗಡೆ ತಲೆಯೆತ್ತಿ ನೋಡಲೇ ಇಲ್ಲ. ಆಮೇಲೆ ಯಾವಾಗಲೋ ಅವಳು ಕೆಲಸ ಬಿಟ್ಟು ಹೋದಳು.

"ಅವಳು ಆಗಲ್ಲ ಅನ್ಲಿಲ್ಲ," ಅಂದಳು ಅಕ್ಕ. "ಆಗ್ತೀನಿ ಅಂದ್ಲು. ನಿನಗೆ ಹೇಳ್ತೀನಿ ಅಂತ ಕಳಿಸ್ದೆ, ಹೇಳ್ಲಿಲ್ಲ. ನೀನು ಸಂಸಾರ ಅಂತ ಹೋಗ್ಬಿಟ್ರೆ ಹಾಸಿಗೆ ಹಿಡಿದ ಅಮ್ಮನ ಜೊತೆ ನಾನೊಬ್ಬಳೇ ಅಂತ ಹೆದರಿಕೆ ಆಯ್ತು ಕಣೋ. ನಾಳೆ ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವಳು ಹೋಗ್ಬಿಟ್ಲು."

ಜೋಡಿಯಣ್ಣ ಮಂಚದ ತುದಿಯಲ್ಲಿ ಕೂತ. ಆಮೇಲೆ ಕೇಳಿದ, "ಆಗ್ತೀನಿ ಅಂದ್ಲಾ?"

"ಅಂದ್ಲು ಕಣೋ."

"ನನ್ನ?"

"ನಿನ್ನನ್ನೇ. ನನ್ನ ಕ್ಷಮಿಸ್ಬಿಡೋ. ನೀನು ಹೋಗೋ ಮುಂಚೆ..."

"ನಾನು ಎಲ್ಲಿಗೂ ಹೋಗ್ತಿಲ್ಲ ಅಕ್ಕಾ. ನಂಗೆ ಹೆಗಲು ನೋವು ಅಷ್ಟೇ. ಡಾಕ್ಟ್ರಮ್ಮ ನನ್ನ ಕೈ ಹಿಡಿದು ಮೇಲೆ ಎತ್ತಿದ್ರು, ಇವ್ರೆಲ್ಲ ಏನೋ ತಿಳ್ಕೊಂಡ್ರು."

ಅಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಕೂಡಲೇ ಚೀಲದಿಂದ ಅವನ ಬೆನ್ನಿಗೆ ಬಾರಿಸಿದಳು. "ಸಾಯಲ್ವಾ? ಸಾಯದೇ ಇದ್ದೋನು ಇದನ್ನೆಲ್ಲ ಯಾಕೋ ಕೇಳಿಸ್ಕೊಂಡೆ?" ಬಾಗಿಲು ತೆಗೆದು ಮೂರು ಮಹಡಿಗೂ ಕೇಳುವಂತೆ ಕೂಗಿದಳು, "ಕೇಳ್ರಪ್ಪಾ, ಇವ್ನು ಸಾಯಲ್ವಂತೆ!"

ಕಟ್ಟಡವೇ ಮೇಲೆ ಬಂತು. ಜೋಡಿಯಣ್ಣ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದ, ಕೆಮ್ಮಿನ ವಿಷಯವನ್ನೂ ಬಿಡಲಿಲ್ಲ. ಒಬ್ಬ ಮನುಷ್ಯ ಬದುಕಿದ ಅಂತ ತಿಳಿದರೆ ಜನ ಸಂತೋಷಪಡಬೇಕು. ಆದರೆ ಇವರ ಮುಖಗಳು ನೋಡುವ ಹಾಗಿರಲಿಲ್ಲ. ಸಾಯುವವನ ಕಿವಿಗೆ ಹಾಕಿದ ಗುಟ್ಟುಗಳೆಲ್ಲ ಈಗ ಬದುಕಿರುವವನ ಕಿವಿಯಲ್ಲಿ ಉಳಿದುಬಿಟ್ಟಿದ್ದವು.

"ಹಾಗಾದ್ರೆ ಆ ಮಂಡಿ ವಿಷಯ..." ಅಂದರು ಟೀಚರಮ್ಮ.

"ಯಾರಿಗೂ ಹೇಳಲ್ಲ ಟೀಚರಮ್ಮ."

"ಮಂಡಿ ನಿಜವಾಗ್ಲೂ ನೋಯುತ್ತೆ. ಇವತ್ತಿಂದ ನೋಯ್ತಿದೆ." ಟೀಚರಮ್ಮ ಒಳಗೆ ಬಂದು, ತಮ್ಮ ಊಟದ ಡಬ್ಬಿಗಳನ್ನು ಎತ್ತಿಕೊಂಡು, ಒಂದೊಂದೇ ಮೆಟ್ಟಿಲು ಹಿಡಿದು ಹಿಡಿದು ಇಳಿದರು. ಕಾರ್ಯದರ್ಶಿ ಅಳತೆಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಇಂಥ ವಿಷಯವನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು ಅಂದು ಹೋದರು. ಏಜೆಂಟು ಮಾತ್ರ ನಗುನಗುತ್ತಾ ಹಿಂದೆ ಉಳಿದ. ಅವನ ಹಾಲು ಇಷ್ಟು ದಿನಕ್ಕೆ ಉಕ್ಕಿ ಮುಗಿದಿರಬೇಕು. ಅಕ್ಕ ಅವನ ಮುಖದ ಮೇಲೆ ಬಾಗಿಲು ಹಾಕಿದಳು.

ಕೋಣೆ ಮತ್ತೆ ಖಾಲಿಯಾಯಿತು. ಚಪ್ಪಲಿ ಡಬ್ಬಗಳು ಕೂತವರ ಭಾರಕ್ಕೆ ಮೂಲೆ ಜಜ್ಜಿಕೊಂಡು ಬಿದ್ದಿದ್ದವು. ಅಕ್ಕನ ರೈಲಿಗೆ ಇನ್ನೂ ಹೊತ್ತಿತ್ತು.

"ಬೈಯೋ ಹಾಗಿದ್ರೆ ಬೈದುಬಿಡೋ," ಅಂದಳು ಅಕ್ಕ. "ಹೀಗೆ ಸುಮ್ನೆ ಕೂರ್ಬೇಡ."

"ಕೋಪ ಬರುತ್ತೆ ಅಕ್ಕಾ. ನೀನು ಹೋದ್ಮೇಲೆ ಬರುತ್ತೆ, ಬೇಕಾದಷ್ಟು ಬರುತ್ತೆ. ಈಗ ಬರ್ತಿಲ್ಲ." ಅವನು ತನ್ನ ಕೈಯನ್ನೇ ನೋಡುತ್ತಿದ್ದ. "ಇಷ್ಟು ವರ್ಷ ನಾನು ಯಾರಿಗೂ ಬೇಡ್ದೋನು ಅಂದ್ಕೊಂಡೇ ಇದ್ದೆ."

ಅಕ್ಕ ಮುಖ ತಿರುಗಿಸಿ ಮೂಗೊರೆಸಿಕೊಂಡಳು. ಮಾಡಲು ಬೇರೇನೂ ತೋಚದೆ, "ಆ ಡಾಕ್ಟ್ರು ಹೇಗೆ ಎತ್ತಿದ್ರು ತೋರ್ಸು" ಅಂದಳು. ಅವನು ತೋರಿಸಿದ. ಅವಳು ಮಂಚದ ಹಿಂದೆ ನಿಂತು ಅವನ ಮೊಣಕೈ ಹಿಡಿದು ನಿಧಾನವಾಗಿ ಎತ್ತತೊಡಗಿದಳು.

"ಅವಳು ಏನಂತ ಅಂದ್ಲು? ಅದೇ ಮಾತಲ್ಲಿ ಹೇಳು."

"ಇಷ್ಟು ವರ್ಷ ಆದ್ಮೇಲೆ ಅದೇ ಮಾತು ಎಲ್ಲಿಂದ ತರ್ಲೋ?" ಅಂದಳು ಅಕ್ಕ. ಆದರೆ ಅವಳಿಗೆ ಒಂದಕ್ಷರವೂ ಮರೆತಿರಲಿಲ್ಲ. "'ನಿಮ್ಮ ತಮ್ಮನಿಗೆ ಹೇಳಿ, ನಾನು ಒಪ್ಪಿದೀನಿ ಅಂತ. ಅವತ್ತು ಚಪ್ಪಲಿ ತೊಗೊಳ್ಳೋಕೆ ಹೋದಾಗ, ಕಚ್ಚುತ್ತಾ, ಎಲ್ಲಾದ್ರೂ ಕಚ್ಚುತ್ತಾ ಅಂತ ನನ್ನ ಮುಖ ನೋಡಿ ನೋಡಿ ಕೇಳಿದ್ರು. ನಂಗೆ ನೋವಾಗುತ್ತಾ ಅಂತ ಅಷ್ಟು ಸಲ ಯಾರೂ ಕೇಳಿಲ್ಲ' ಅಂದ್ಲು."

ಜೋಡಿಯಣ್ಣನ ಬೆನ್ನು ಅಲುಗತೊಡಗಿತು. ಅಕ್ಕ ಗಾಬರಿಯಾಗಿ ಕೈಯನ್ನು ಅಲ್ಲೇ ತಡೆದಳು.

"ನೋಯ್ತಿದ್ಯಾ? ಬಿಟ್ಬಿಡ್ಲಾ?"

"ಬಿಡ್ಬೇಡ," ಅಂದ ಜೋಡಿಯಣ್ಣ, ಅಳುತ್ತಲೇ. "ಇನ್ನೊಂದ್ಸಲ ಹೇಳು."